ಒಂದೇ ಉಸಿರಿನ ಮೆನು

ಸೂಜಿ ಮೇಡಂ ಅವರ ಎಡಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ನನ್ನವುಗಳಷ್ಟೇ ಗಟ್ಟಿಯಾಗಿದ್ದವು. ನನ್ನವು ಬಿಸಿ ಕಾವಲಿಯಿಂದ ದೋಸೆ ಎಬ್ಬಿಸಿ ಎಬ್ಬಿಸಿ ಹಾಗಾದವು. ಅವರವು ಊರವರ ಭುಜ ಚಿವುಟಿ ಚಿವುಟಿ. ನೋಯುವ ಸ್ನಾಯುವನ್ನು ಆ ಎರಡು ಬೆರಳಲ್ಲಿ ಹಿಡಿದು ಮೇಲಕ್ಕೆತ್ತಿ, ಎತ್ತಿದ ಮಾಂಸದೊಳಕ್ಕಷ್ಟೇ ಸೂಜಿ ಹಾಕುವುದು ಅವರ ಪದ್ಧತಿ. ಅಯ್ಯೋ, ಸೂಜಿಗಿಂತ ಆ ಚಿವುಟೇ ಹೆಚ್ಚು ನೋಯುತ್ತಿತ್ತು!

ಮರಾಠಿ ಸೀಮೆಯ ಬಿಬವೇವಾಡಿಯ ನಮ್ಮ ಹೋಟೆಲಿನ ಮೇಲಿನ ಮಹಡಿಯಲ್ಲೇ ಅವರ ಫಿಜಿಯೋಥೆರಪಿ ಕ್ಲಿನಿಕ್. ನಾವು ಕುಂದಾಪುರದ ಕಡೆಯವರು, ಅವರು ವಿಜಯಪುರದವರು. ಬೀದಿಗೆಲ್ಲ ಅವರು ಸೂಜಿ ಮೇಡಂ. ದೋಸೆ ಹುಯ್ದು ಹುಯ್ದು ನನ್ನ ಬಲ ಭುಜ ಹಿಡಿದುಕೊಂಡಾಗ ಮೊದಲ ಸಲ ಮೆಟ್ಟಿಲು ಹತ್ತಿದೆ. ಆ ಸೂಜಿಯಲ್ಲಿ ಔಷಧವೇನೂ ಇರುವುದಿಲ್ಲ. ಗಂಟುಕಟ್ಟಿದ ಸ್ನಾಯುವನ್ನು ಚುಚ್ಚಿ ಸಡಿಲಿಸುವುದಷ್ಟೇ. ಪ್ರತಿ ಸಲವೂ ಕಣ್ಣೆದುರೇ ಹೊಸ ಸೂಜಿ ಬಿಚ್ಚುವರು, ಪ್ರತಿ ಸಲವೂ ಅದೇ ಪ್ರಶ್ನೆ.

"ರಕ್ತ ತೆಳು ಮಾಡೋ ಗುಳಿಗಿ ಏನರ ತಗೊಳ್ಳಾಕತ್ತೀರೇನ್ರಿ?"

"ಮೊನ್ನೆಯೇ ಇಲ್ಲ ಅಂದೆನಲ್ಲ ಮೇಡಂ?"

"ಮೊನ್ನಿಂದು ಮೊನ್ನಿಗಾತು. ಇವತ್ತಿಂದ ಹೇಳ್ರಿ."

ಹೀಗೆ ಚಿವುಟುವುದೇಕೆಂದು ಕೇಳಿದಾಗ, "ಇದರ ಕೆಳಗ ಪುಪ್ಪುಸ, ಅಂದ್ರ ಶ್ವಾಸಕೋಶ ಅದ್ರಿ. ನನ್ನ ಸೂಜಿಗೆ ಆ ದಾರಿ ಗೊತ್ತಾಗಬಾರದು" ಎಂದಿದ್ದರು.

ಚುಚ್ಚಿಸಿಕೊಂಡವರು ಕೂಡಲೇ ಎದ್ದು ಹೋಗುವಂತಿಲ್ಲ. ಬೆಂಚಿನ ಮೇಲೆ ಕೂತು ನಮ್ಮ ಹೋಟೆಲಿನ ಚಾ ಕುಡಿಯಬೇಕು, ಅವರ ಜೊತೆ ಹರಟಬೇಕು. ಉತ್ತರ ಕರ್ನಾಟಕದವರ ಉಪಚಾರವೇ ಹೀಗೆ ಎಂದುಕೊಂಡಿದ್ದೆ. ನಮ್ಮ ಚಾ ಖರ್ಚಾಗುತ್ತದಲ್ಲ, ನನಗೇನು ನಷ್ಟ!

ನನ್ನ ಗಂಡನಿಗೂ ಕೂರುವುದಕ್ಕೂ ಎಣ್ಣೆ ಸೀಗೆಕಾಯಿ. ಗಲ್ಲಾ ಪೆಟ್ಟಿಗೆಯ ಬಳಿ ನಿಂತು, ಬಂದವರಿಗೆಲ್ಲ ಮೆನುವನ್ನು ಒಂದೇ ಉಸಿರಿಗೆ ಒಪ್ಪಿಸುವುದು ಅವರ ಕೆಲಸ. ಇಡ್ಲಿಯಿಂದ ಶುರುವಾಗಿ ನೀರ್‌ದೋಸೆಗೆ ಮುಗಿಯಬೇಕು, ನಡುವೆ ಉಸಿರೆಳೆದರೆ ಮರ್ಯಾದೆ ಹೋಯಿತು. ಬೋರ್ಡು ಬರೆಸೋಣ ಎಂದರೆ ನನ್ನ ಮೇಲೇ ಹಾರುವರು. ಅವರ ಕುತ್ತಿಗೆ ಹಿಡಿದುಕೊಂಡಾಗ ಮೇಡಂ ಹತ್ತಿರ ಹೋಗಿ ಎಂದೆ. "ಚಾ ಕುಡೀಲಿಕ್ಕೆ ನನಗೆ ನನ್ನದೇ ಹೋಟೆಲ್ ಇಲ್ವಾ?" ಎಂದು, ಸ್ವಾರಗೇಟ್ ಹತ್ತಿರ ಹತ್ತೇ ನಿಮಿಷದಲ್ಲಿ ಚುಚ್ಚಿ ಕಳಿಸುವ ಯಾರ ಬಳಿಗೋ ಹೋದರು.

ಸಂಜೆ ಎದೆ ಒತ್ತಿಕೊಂಡು ಬಂದರು. "ಎಂತ ಇಲ್ಲ ಮಾರಾಯ್ತಿ, ಗ್ಯಾಸ್." ಹೋಟೆಲಿನವರಿಗೆ ಹಲ್ಲು ನೋವು ಬಂದರೂ ಗ್ಯಾಸೇ. ಓಮದ ನೀರು ಕುಡಿಸಿದೆ, ಕಡಿಮೆಯಾಗಲಿಲ್ಲ. ಸೂಜಿ ಹಾಕಿಸಿಕೊಂಡು ಬಂದದ್ದನ್ನೂ ಗ್ಯಾಸನ್ನೂ ಹೇಳಿ, ಬಿಸಿನೀರಿನ ಚೀಲ ಇಡಬಹುದೇ ಎಂದು ಕೇಳಲು ಮೇಡಂಗೆ ಫೋನ್ ಹಚ್ಚಿದೆ.

"ಸೂಜಿ ಎಲ್ಲಿ ಹಾಕ್ಯಾರ?"

"ಭುಜದ ಮೇಲೆ, ಕುತ್ತಿಗೆ ಹತ್ತಿರ."

"ಅವ್ರ ಕೈಯಾಗ ಫೋನ್ ಕೊಡ್ರಿ." ಸ್ಪೀಕರ್‌ನಲ್ಲಿ ಅವರ ದನಿ ಕೇಳಿತು: "ಯಜಮಾನ್ರ, ಇವತ್ತ ತಿನ್ನಾಕ ಏನೇನ್ ಅದ ಹೇಳ್ರಿ."

ಆ ನೋವಿನಲ್ಲೂ ನಮ್ಮವರ ಮುಖ ಅರಳಿತು. "ಇಡ್ಲಿ, ವಡೆ, ಸಾದಾ..." ಉಸಿರು ತುಂಡಾಯಿತು. "ಮಸಾಲಾ..." ಮತ್ತೆ ನಿಂತಿತು. ಮದುವೆಯಾದಾಗಿನಿಂದ ಕೇಳಿದ ಮೆನು ಅದು; ನಡುವೆ ನಿಂತದ್ದು ಅವತ್ತೇ ಮೊದಲು.

"ಅದು ಗ್ಯಾಸ್ ಅಲ್ರಿ," ಎಂದರು ಮೇಡಂ. "ಈಗಿಂದೀಗ ದೊಡ್ಡ ದವಾಖಾನಿಗೆ ಹೊರಡ್ರಿ. ಭುಜಕ್ಕ ಸೂಜಿ ಚುಚ್ಚಿಸ್ಕೊಂಡಾರ ಅಂತ ಅಲ್ಲಿ ಮೊದಲ ಹೇಳ್ರಿ."

ಶ್ವಾಸಕೋಶಕ್ಕೆ ತೂತಾಗಿ ಎದೆಗೂಡಿನಲ್ಲಿ ಗಾಳಿ ತುಂಬಿತ್ತು. ಕೊಳವೆ ಹಾಕಿ ತೆಗೆದರು. ಬೆಳಗಿನವರೆಗೆ ಕಾದಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಮನೆಗೆ ಬಂದ ಮೇಲೆ ನಮ್ಮವರು ಸೂಜಿಯ ಕುಲಕ್ಕೇ ಶಾಪ ಹಾಕತೊಡಗಿದರು. ನೋಡಲು ಬಂದಿದ್ದ ಮೇಡಂ ನಕ್ಕರು. "ಸೂಜಿ ಮ್ಯಾಲ ಯಾಕ ಸಿಟ್ಟು? ಎತ್ತಿ ಹಿಡಿಯೋ ಕೈ ಅಲ್ಲಿ ಇರಲಿಲ್ಲ. ಕುಂದ್ರಿಸಿ ಮಾತಾಡಸೋರೂ ಇರಲಿಲ್ಲ." ಹರಟೆಯ ನೆಪದಲ್ಲಿ ಅವರು ಎಲ್ಲರ ಉಸಿರು ಕೇಳುತ್ತಿದ್ದರೆಂದು ನನಗೆ ಆಗ ತಿಳಿಯಿತು. ನಮ್ಮವರ ಕುತ್ತಿಗೆಯನ್ನು ಸೂಜಿಯಿಲ್ಲದೆ ಬರೀ ವ್ಯಾಯಾಮದಲ್ಲೇ ಸರಿ ಮಾಡಿದರು. ಚಾ ಮಾತ್ರ ಬಿಡಲಿಲ್ಲ. ನಮ್ಮವರು ತೆಪ್ಪಗೆ ಕೂತು ಕುಡಿದರು.

ಈಗ ಮೇಡಂ ಕ್ಲಿನಿಕ್ ಮುಚ್ಚಿ ತಳೇಗಾಂವ ದಾಭಾಡೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ದೋಸೆ ನೆನಪಾದಾಗ ಬರುತ್ತಾರೆ. ನಾನು ಅವರಿಗೆ ಎಷ್ಟು ದೋಸೆ ಹುಯ್ದು ಕೊಟ್ಟರೂ ಆ ಋಣ ತೀರುವಂಥದ್ದಲ್ಲ. ಇಂದಿಗೂ ಬೆಳಿಗ್ಗೆ ಮೊದಲ ಗಿರಾಕಿಗೆ ನಮ್ಮವರು ಮೆನು ಶುರುಮಾಡಿದರೆ, ಒಳಗೆ ಸೌಟು ಹಿಡಿದ ನನ್ನ ಕೈ ನಿಲ್ಲುತ್ತದೆ. ನೀರ್‌ದೋಸೆ ಎಂದು ಕೇಳಿದ ಮೇಲೆಯೇ ಕಾವಲಿಗೆ ಹಿಟ್ಟು ಹುಯ್ಯುತ್ತೇನೆ.