ಎದುರುಗಾಳಿಯ ದಿನ ಸಿಕ್ಕ ರಾಗಿ

ಹಾನುಬಾಳಿನ ಕಡೆಯ ನಮ್ಮೂರಿನಿಂದ ಹೊರಟು, ಹೇಮಾವತಿಯ ದಂಡೆ ಹಿಡಿದು, ಅವಳು ಕಾವೇರಿಯನ್ನು ಸೇರುವಲ್ಲಿಯವರೆಗೆ ಸೈಕಲ್ ತುಳಿಯಬೇಕೆಂಬುದು ನನ್ನ ಮತ್ತು ನನ್ನ ತಮ್ಮನ ಹುಡುಗಾಟದ ಕಾಲದ ಆಸೆ. ಅದು ಕೈಗೂಡಿದ್ದು ತೊಂಬತ್ತರ ದಶಕದ ಕೊನೆಯಲ್ಲಿ, ನನಗೆ ಮೂವತ್ತೈದು ದಾಟಿದ ಮೇಲೆ. ಅರೇಬಿಕಾ ಕೊಯ್ಲು ಮುಗಿದು ರೊಬಸ್ಟಾ ಇನ್ನೂ ಸರಿಯಾಗಿ ಹಣ್ಣಾಗದಿರುವಾಗ ಕಾಫಿಯವರಿಗೆ ಒಂದು ವಾರ ಪುರುಸೊತ್ತು ಸಿಗುತ್ತದೆ. ಸಂಕ್ರಾಂತಿಯ ನಂತರದ ಆ ವಾರಕ್ಕೆಂದು ಐದು ದಿನದ ಪ್ರಯಾಣವನ್ನು ದಸರೆಯಲ್ಲೇ ಗೊತ್ತು ಮಾಡಿಕೊಂಡಿದ್ದೆವು.

ದಸರೆಗೂ ಸಂಕ್ರಾಂತಿಗೂ ನಡುವೆ ನಾವು ಪಾಲಾದೆವು. ಅದೇನೂ ದೊಡ್ಡ ಮಾತಲ್ಲ, ಎಲ್ಲ ಊರಲ್ಲೂ ಅಣ್ಣತಮ್ಮಂದಿರು ಪಾಲಾಗುತ್ತಾರೆ. ಆದರೆ ಪಂಚಾಯ್ತಿಗೆ ಕುಳಿತವರ ಎದುರು ನಾನು ಆಡಬಾರದ ಮಾತೊಂದನ್ನು ಆಡಿಬಿಟ್ಟೆ.

"ಇಷ್ಟ್ ವರ್ಷ ನನ್ ಮನೆ ಅನ್ನ ತಿಂದು ಈಗ ಪಾಲು ಕೇಳ್ತೀಯಲ್ಲೋ!"

ತಮ್ಮನಿಗಿನ್ನೂ ಮದುವೆಯಾಗಿರಲಿಲ್ಲ. ಎದ್ದು ಹೋದವನು ಕಾಫಿ ಸ್ಟೋರಿನ ಪಕ್ಕದ ಕೋಣೆಯಲ್ಲಿ ಸೀಮೆಎಣ್ಣೆ ಸ್ಟೌ ಇಟ್ಟುಕೊಂಡು ತಾನೇ ಬೇಯಿಸಿಕೊಳ್ಳತೊಡಗಿದ. ನನ್ನ ಹೆಂಡತಿ ಎರಡು ಸಲ ಊಟಕ್ಕೆ ಕರೆಯಲು ಹೋದಳು. "ನಿಮ್ ಮೇಲೆ ಬೇಜಾರಿಲ್ಲ ಅತ್ತಿಗೆ. ಆ ಮನೇಲಿ ಮಾತ್ರ ಉಣ್ಣಕಿಲ್ಲ" ಅಂದನಂತೆ. ಆಮೇಲೆ ಅವಳು ನನಗೆ ಬಡಿಸುವಾಗಲೆಲ್ಲ ಸೌಟನ್ನು ತಟ್ಟೆಗೆ ಕುಕ್ಕುತ್ತಿದ್ದಳು. ತಪ್ಪು ನನ್ನದೆಂದು ನನಗೆ ಅಂದೇ ಗೊತ್ತಿತ್ತು. ಹೇಳುವುದಕ್ಕೆ ನಾಲಿಗೆ ಏಳಲಿಲ್ಲ, ಅಷ್ಟೆ.

ಪ್ರಯಾಣ ಬೇಡವೆನ್ನಲೂ ಇಬ್ಬರಿಗೂ ಬಾಯಿ ಬರಲಿಲ್ಲ. ಬೇಡವೆಂದವನು ಸೋತ ಲೆಕ್ಕ ಎಂದು ಇಬ್ಬರೂ ತಿಳಿದಿದ್ದೆವು. ಹೀಗಾಗಿ ಎರಡು ಸೈಕಲ್, ಎರಡು ಬುತ್ತಿ, ಎರಡು ಊದಿಕೊಂಡ ಮುಖಗಳು ಹೊರಟವು. ಮೊದಲ ದಿನ ಸಕಲೇಶಪುರ ಮುಟ್ಟುವವರೆಗೆ ನಾನು ಆಡಿದ್ದು "ಬ್ರೇಕ್ ನೋಡ್ಕೊ" ಎಂಬ ಒಂದೇ ಮಾತು. ಅವನು ಅದನ್ನೂ ಕೇಳಿಸಿಕೊಳ್ಳದವನಂತೆ ಇಳಿಜಾರಿನಲ್ಲಿ ಬುರ್ರನೆ ಹೋದ.

ಎರಡನೆಯ ದಿನ ಮೂಡಗಾಳಿ ಎದ್ದಿತು. ಸಕಲೇಶಪುರ ಬಿಟ್ಟು ಆಲೂರು ಸೀಮೆಗೆ ಬರುತ್ತಿದ್ದಂತೆ ಮರದ ನೆರಳು ತೆಳುವಾಗಿ ಹೊಲಗಳು ತೆರೆದುಕೊಳ್ಳುತ್ತವೆ. ಗಾಳಿಗೆ ಅಡ್ಡವೇ ಇಲ್ಲ. ನಾವು ಹೋಗಬೇಕಾದದ್ದೂ ಮೂಡಲಿಗೇ. ಗೇರಿಲ್ಲದ ಸೈಕಲ್ಲು, ಇಳಿಜಾರಿನಲ್ಲೂ ಎದ್ದು ನಿಂತು ತುಳಿಯಬೇಕು. ನನ್ನ ತಲೆಗೆ ಸುತ್ತಿದ್ದ ಟವೆಲ್ಲು ಹಾರಿ ಬೇಲಿಗೆ ಸಿಕ್ಕಿಕೊಂಡಿತು. ಆಗಾಗ ಕಾಣಿಸುತ್ತಿದ್ದ ಹೊಳೆಯ ಮೇಲೆ ಅಲೆಗಳು ಹಿಂದಕ್ಕೆ ಓಡುತ್ತಿದ್ದವು; ಅವಳಿಗೂ ಸಾಕಾಗಿ ವಾಪಸು ನಮ್ಮೂರಿಗೇ ಹೊರಟ ಹಾಗೆ ಕಾಣುತ್ತಿತ್ತು. ತಮ್ಮ ನನಗಿಂತ ಎಂಟು ವರ್ಷ ಚಿಕ್ಕವನು, ಮುಂದೆ ಮುಂದೆ ಹೋಗುತ್ತಿದ್ದ. ಹೋಗಿ ಯಾವುದಾದರೂ ಮರದಡಿ ಇಳಿದು ಟೈರಿಗೆ ಗಾಳಿ ಹೊಡೆಯುತ್ತಿದ್ದ. ನಾನು ಏದುಸಿರು ಬಿಡುತ್ತ ತಲುಪಿದೊಡನೆ ಮತ್ತೆ ಹತ್ತಿ ಹೊರಡುತ್ತಿದ್ದ. ಒಂದೇ ಬೆಳಿಗ್ಗೆ ಆರು ಸಲ ಗಾಳಿ ಬೇಕಾದ ಟೈರನ್ನು ನಾನು ಬೇರೆಲ್ಲೂ ಕಂಡಿಲ್ಲ. ನನಗಾಗಿ ಕಾಯುತ್ತಿದ್ದಾನೆಂದು ತಿಳಿದು ಕಸಿವಿಸಿಯಾಗುತ್ತಿತ್ತು. ಅಷ್ಟೇ ಸಿಟ್ಟೂ ಬರುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಕೆ. ಹೊಸಕೋಟೆ ಕಡೆಯ ಒಂದು ದಾರಿಯಲ್ಲಿ, ಎದುರಿನಿಂದ ಹಿಡಿ ಹಿಡಿ ಹೊಟ್ಟು ಬಂದು ನನ್ನ ಕಣ್ಣು, ಬಾಯಿ, ಕಾಲರಿನೊಳಗೆಲ್ಲ ತುಂಬಿಕೊಂಡಿತು. ರಸ್ತೆಬದಿಯ ಕಣದಲ್ಲಿ ಒಬ್ಬ ಅಜ್ಜಿ ಮತ್ತು ಅವಳ ಸೊಸೆ ರಾಗಿ ತೂರುತ್ತಿದ್ದರು. ಬೆಳಗಿನಿಂದ ಕಟ್ಟಿಕೊಂಡಿದ್ದ ಸಿಟ್ಟಿಗೆಲ್ಲ ಒಂದು ದಾರಿ ಸಿಕ್ಕಿತು. ಸೈಕಲ್ ಎಸೆದು ಕೂಗುತ್ತ ಕಣದೊಳಕ್ಕೇ ನುಗ್ಗಿದೆ.

"ಏಯ್, ಎಕ್ಕಡ ಬುಡಪ್ಪ! ಕಣ ಅಲ್ವಾ ಇದು?" ಅಜ್ಜಿ ನನಗಿಂತ ಜೋರಾಗಿ ಕೂಗಿದಳು.

ನನ್ನ ಕಾಲಲ್ಲಿ ಬೂಟು. ರಾಶಿಯ ಅಂಚಿನಲ್ಲೇ ನಿಂತಿದ್ದೆ. ಕಣಕ್ಕೆ ಬರಿಗಾಲಲ್ಲಿ ಹೋಗಬೇಕೆಂಬುದು ನಮ್ಮಲ್ಲಿ ಎಳೆ ಮಕ್ಕಳಿಗೂ ಗೊತ್ತು. ನಾಚಿಕೆಯಿಂದ ಸತ್ತೇಹೋದೆ. ಕೂಗು ಕೇಳಿ ತಿರುಗಿ ಬಂದಿದ್ದ ತಮ್ಮ ಆಗಲೇ ಚಪ್ಪಲಿ ಬಿಟ್ಟು, ರಾಶಿ ಮುಟ್ಟಿ ನಮಸ್ಕಾರ ಮಾಡಿ, "ತಪ್ಪಾಯ್ತು ಕಣಜ್ಜಿ, ನಮ್ಮಣ್ಣಂಗೆ ಗಾಳಿ ತಲೆಗೆ ಹತ್ತೈತೆ" ಅಂದ.

ಅಜ್ಜಿ ನಕ್ಕುಬಿಟ್ಟಳು. "ಈ ಗಾಳಿಗೆ ಮೂರ್ ದಿನದಿಂದ ಕಾಯ್ತಾ ಕುಂತಿದ್ವಿ ಕಣಪ್ಪ. ಮಗಂಗೆ ತೋಳು ಉಳುಕೈತೆ. ಗಾಳಿ ಬಂತು, ತೂರಕ್ಕೆ ಆಳಿಲ್ಲ."

ತಮ್ಮ ಅಲ್ಲಿದ್ದ ಎತ್ತರದ ಮಣೆ ಹತ್ತಿದ. ನಾನು ಬೂಟು ಬಿಚ್ಚಿ ಮೊರಕ್ಕೆ ರಾಗಿ ತುಂಬಿ ಅವನ ಕೈಗೆ ಎತ್ತಿಕೊಟ್ಟೆ. ಅವನು ತೋಳೆತ್ತಿ ಸುರಿದ. ಹೊಟ್ಟು ಹಾರಿತು, ಕಾಳು ಬಿತ್ತು. ಎರಡು ಗಂಟೆ ಹೀಗೇ ನಡೆಯಿತು. ಮೊರ ಕೊಡುವುದು, ಮೊರ ತೆಗೆದುಕೊಳ್ಳುವುದು. ತಿಂಗಳಾದ ಮೇಲೆ ಇಬ್ಬರೂ ಸೇರಿ ಮಾಡಿದ ಮೊದಲ ಕೆಲಸ ಅದು, ಅದೂ ಯಾರದೋ ಕಣದಲ್ಲಿ. ಮುಗಿಯುವುದೇ ಬೇಡ ಅನ್ನಿಸಿತ್ತು ನನಗೆ.

ಕಣಕ್ಕೆ ಬಂದವರನ್ನು ಬರಿಗೈಲಿ ಕಳಿಸುವಂತಿಲ್ಲ, ಕೊಟ್ಟದ್ದನ್ನು ಬೇಡವೆನ್ನುವಂತೆಯೂ ಇಲ್ಲ. ಅಜ್ಜಿ ಮೊರ ತುಂಬಿಕೊಂಡು ಕೇಳಿದಳು.

"ಮನೆಗೊಂದು ಮೊರ ಕೊಡದು ನಮ್ ಪದ್ಧತಿ. ನೀವು ಒಂದೇ ಮನೆಯೋರೋ, ಬ್ಯಾರೆಯೋ?"

ತಮ್ಮ ನನ್ನ ಮುಖ ನೋಡಿದ. ಒಂದೇ ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ಆದರೆ ಆ ಮಾತು ಆಡುವ ಯೋಗ್ಯತೆ ನನಗಿಲ್ಲವೆನ್ನಿಸಿತು. "ಬ್ಯಾರೆ ಕಣಜ್ಜಿ. ಪಾಲಾಗಿದ್ದೀವಿ" ಅಂದೆ.

ಅಜ್ಜಿ ನನ್ನ ಚೀಲಕ್ಕೊಂದು, ಅವನ ಚೀಲಕ್ಕೊಂದು ಮೊರ ಸುರಿದಳು. ಸೈಕಲ್ ಹತ್ತಿರ ಬಂದ ಮೇಲೆ ತಮ್ಮ ತನ್ನ ಚೀಲದ ಬಾಯಿ ಬಿಚ್ಚಿ, ರಾಗಿಯನ್ನೆಲ್ಲ ನನ್ನ ಚೀಲಕ್ಕೆ ಸುರಿದುಬಿಟ್ಟ.

"ನನ್ ಕ್ಯಾರಿಯರ್ ಸಡಿಲ ಐತೆ. ನೀನೇ ಹೊತ್ಕೊ. ಊರಿಗೆ ಹೋದ್ಮೇಲೆ ಅತ್ತಿಗೆಗೆ ಮುದ್ದೆ ಮಾಡಕ್ಕೆ ಹೇಳು. ನಂದೂ ರಾಗಿ ಐತಲ್ಲ, ಉಣ್ತೀನಿ."

ಅವನ ಕ್ಯಾರಿಯರ್ ಕಲ್ಲಿನಂತೆ ಗಟ್ಟಿಯಾಗಿತ್ತು. ರಸ್ತೆಯಲ್ಲೇ ನಿಂತು ಅತ್ತುಬಿಟ್ಟೆ. ಅವನು ನೋಡದವನಂತೆ ಟೈರು ಒತ್ತಿ ನೋಡುತ್ತಿದ್ದ.

ಆ ರಾಗಿ ನನ್ನ ಬೆನ್ನಿಗೇ ಕಾವೇರಿಯವರೆಗೂ ಬಂದು, ಬಸ್ಸಿನಲ್ಲಿ ನಮ್ಮ ಜೊತೆ ಊರಿಗೂ ಬಂತು. ಎಂಟು ದಿನ ತಮ್ಮ ಸಂಜೆಯಾಗುತ್ತಲೇ ಬಂದು ಮುದ್ದೆ ಉಂಡು ಹೋದ. ನಾವು ಎಲ್ಲ ಮಾತಾಡಿದೆವು, ಪಂಚಾಯ್ತಿಯ ಆ ಮಾತೊಂದನ್ನು ಬಿಟ್ಟು. ಒಂಬತ್ತನೆಯ ದಿನಕ್ಕೆ ಚೀಲ ಬರಿದಾಗಿತ್ತು. ಹೆಂಡತಿ ಅನ್ನ ಮಾಡಿದ್ದಳು. ಇನ್ನು ಅವನು ಬರುವುದಿಲ್ಲವೆಂದುಕೊಂಡು ನಾನು ತಟ್ಟೆ ಮುಟ್ಟದೆ ಕುಳಿತಿದ್ದೆ. ಹಿತ್ತಲಲ್ಲಿ ಕಾಲು ತೊಳೆಯುವ ಸದ್ದಾಯಿತು.

"ರಾಗಿ ಮುಗೀತು ಕಣೋ" ಅಂದೆ. "ಅವತ್ತು ನಾನು ಅಂದಿದ್ದು ತಪ್ಪು."

ಅವನು ನನ್ನ ಪಕ್ಕ ಕುಳಿತು ತಟ್ಟೆ ಎಳೆದುಕೊಂಡ.

"ಅನ್ನ ಬಡಿಸಿ ಅತ್ತಿಗೆ" ಅಂದ.