ಜಯಮ್ಮನಿಗಿನ್ನೂ ಐವತ್ತೈದಂತೆ

“ಕೆಲ್ಸ ಬಿಡಬ್ಯಾಡಿ ಅಂತ ಚೆನ್ನಾಗ್ ಹೇಳುದ್ರಿ ಮೇಡಮ್ಮೋರೆ. ಮೈಕಲ್ಲಿ ಎಲ್ಲ ಕೇಳುಸ್ತು. ಬಿಡೋದು ಹೆಂಗೆ ಅಂತಾನೂ ಒಸಿ ಹೇಳಿ.”

ಹೋದ ತಿಂಗಳು ಗುಬ್ಬಿಯ ಕಲ್ಯಾಣ ಮಂಟಪವೊಂದರ ಹಿಂಭಾಗದಲ್ಲಿ, ಪಾತ್ರೆ ರಾಶಿಯ ಮುಂದೆ, ಹೆಂಗಸೊಬ್ಬರು ನನ್ನನ್ನು ತಡೆದು ಕೇಳಿದ ಮಾತಿದು. ನಾನಾಗ ತಾನೇ ಸ್ಟೇಜ್ ಇಳಿದು ಕೈ ತೊಳೆಯಲು ಬಂದಿದ್ದೆ. ನಿವೃತ್ತ ನೌಕರರ ಸಭೆ, ನಾನು ಚೀಫ್ ಗೆಸ್ಟ್. (ಎಪ್ಪತ್ತು ದಾಟಿದವರೆಲ್ಲ ಒಂದಲ್ಲ ಒಂದು ದಿನ ಚೀಫ್ ಗೆಸ್ಟ್ ಆಗುತ್ತಾರೆ, ಬಿಡಿ.) ‘ರಿಟೈರ್ ಆಗಬೇಡಿ, ರಿಫ್ರೆಶ್ ಆಗಿ’ ಎಂದು ನಲವತ್ತು ನಿಮಿಷ ಮಾತಾಡಿದ್ದೆ. ವಯಸ್ಸು ಬರೀ ನಂಬರ್ ಎಂದಿದ್ದೆ. ಈಗಲೂ ವಾರಕ್ಕೆ ಮೂರು ದಿನ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ತೆಗೆದುಕೊಳ್ಳುತ್ತೇನೆ ಎಂದಾಗ ಚಪ್ಪಾಳೆಯೂ ಬಿದ್ದಿತ್ತು.

ಈಕೆ ಅಣಕಿಸುತ್ತಿದ್ದಾರೆಯೇ? ಮುಖ ನೋಡಿದೆ. ಇಲ್ಲ. ನಿಜವಾಗಿಯೂ ಕೇಳುತ್ತಿದ್ದರು.

ಹೆಸರು ಜಯಮ್ಮ. ಸಿ.ಎಸ್. ಪುರದ ಕಡೆಯವರು. ಅಡುಗೆ ಕಂಟ್ರಾಕ್ಟರ್ ಜೊತೆ ಮದುವೆ, ಮುಂಜಿ, ತಿಥಿ ಎಂದು ಊರೂರು ಸುತ್ತಿ ಪಾತ್ರೆ ತೊಳೆಯುತ್ತಾರೆ. ಮಂಡಿ ಎರಡೂ ಹೋಗಿವೆ. ಕೂತರೆ ಗೋಡೆ ಹಿಡಿಯದೆ ಏಳಲಾಗುವುದಿಲ್ಲ.

“ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕಬಾರದಾ?”

“ಆಗಾಕಿಲ್ವಂತೆ ಕಣಕ್ಕ. ನಂಗಿನ್ನೂ ಐವತ್ತೈದಂತೆ!”

ಸೊಂಟದ ಚೀಲದಿಂದ ಆಧಾರ್ ಕಾರ್ಡ್ ತೆಗೆದರು. ಹುಟ್ಟಿದ್ದು ಜನವರಿ ಒಂದು. (ಹುಟ್ಟಿದ ದಿನ ಗೊತ್ತಿಲ್ಲದವರೆಲ್ಲ ನಮ್ಮಲ್ಲಿ ನ್ಯೂ ಇಯರ್ ದಿನವೇ ಹುಟ್ಟಿರುತ್ತಾರೆ.) ಇಸವಿಯ ಪ್ರಕಾರ ಐವತ್ತೈದೇ. ದೊಡ್ಡ ಮಗನಿಗೆ ಎಷ್ಟು ಎಂದೆ. ನಲವತ್ತಾರಂತೆ.

“ಅಂದ್ರೆ ಒಂಬತ್ತು ವರ್ಷಕ್ಕೇ ಹೆತ್ತಿರಾ?”

“ನಮ್ ಸೊಸೇನೂ ಅದ್ನೇ ಆಡ್ಕೊಂಡ್ ನಗ್ತಾಳೆ. ಅತ್ತೆ, ನೀನೂ ನನ್ ಗಂಡಾನೂ ಒಂದೇ ಸ್ಕೂಲಿಗೆ ಹೋಗ್ತಿದ್ರಾ ಅಂತಾಳೆ.”

ಆದದ್ದು ಇಷ್ಟು. ಆ ಕಾರ್ಡ್ ಮಾಡಿಸುವ ಕಾಲಕ್ಕೆ ಊರಿಗೆ ಗಾರ್ಮೆಂಟ್ಸ್ ವ್ಯಾನ್ ಬರಲು ಶುರುವಾಗಿತ್ತು. ನಲವತ್ತೈದು ದಾಟಿದವರನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ. ಐವತ್ತು ದಾಟಿದ್ದ ಜಯಮ್ಮ ನಲವತ್ತೆರಡು ಎಂದು ಬರೆಸಿದರು. ಅವರೊಬ್ಬರೇ ಅಲ್ಲ, ಆ ಬೀದಿಯ ಹೆಂಗಸರೆಲ್ಲ ಒಂದೇ ದಿನದಲ್ಲಿ ಹತ್ತು ವರ್ಷ ಚಿಕ್ಕವರಾಗಿ ವ್ಯಾನ್ ಹತ್ತಿದರು. ನಾಲ್ಕು ವರ್ಷಕ್ಕೆ ಕಣ್ಣು ಮಂಜಾಯಿತು, ಹೊಲಿಗೆ ಕಾಣದಾಯಿತು, ಕೆಲಸ ಹೋಯಿತು. ಕಾರ್ಡಿನಲ್ಲಿದ್ದ ವಯಸ್ಸು ಮಾತ್ರ ಅಲ್ಲೇ ಉಳಿಯಿತು.

ಮುಂದಿನ ವಾರ ಕಾರ್ಡಿನ ವಯಸ್ಸು ತಿದ್ದಿಸಲು ನಾನೇ ಅವರನ್ನು ಕರೆದುಕೊಂಡು ಸರ್ಕಾರಿ ಆಫೀಸಿಗೆ ಹೋದೆ. (ನನ್ನ ಇಂಗ್ಲಿಷಿಗೆ ಎಂಥ ಆಫೀಸೂ ಬಗ್ಗುತ್ತದೆ ಎಂಬುದು ನನ್ನ ಹಳೆಯ ಭ್ರಮೆ.) ಗುಮಾಸ್ತ ಎದ್ದು ನಿಂತು ನನಗೆ ಕುರ್ಚಿ ಕೊಟ್ಟ. ಜಯಮ್ಮನಿಗೆ ಕೊಡಲಿಲ್ಲ. ಕಾರ್ಡ್ ನೋಡಿದ, ಆಮೇಲೆ ಆಕೆಯ ತಲೆ ನೋಡಿದ. ಕಡುಕಪ್ಪು.

“ಏನಮ್ಮ, ಕೂದ್ಲು ನೋಡಿದ್ರೆ ಕಾರ್ಡೇ ಸರಿ ಅನ್ಸುತ್ತಲ್ಲ?”

“ಬಣ್ಣ ಕಣಪ್ಪ. ಬಿಳೇ ತಲೆ ಕಂಡ್ರೆ ಕಂಟ್ರಾಕ್ಟ್ರು ಕೆಲ್ಸಕ್ಕೆ ಕರೆಯಾಕಿಲ್ಲ.”

“ಅಲ್ಲಿ ವಯಸ್ಸಾಗಿಲ್ಲ ಅಂತೀಯ, ಇಲ್ಲಿ ಆಗಿದೆ ಅಂತೀಯ. ಯಾವ್ದಾದ್ರೂ ಒಂದು ಹೇಳಮ್ಮ.”

“ಎರ್ಡೂ ಹೊಟ್ಟೆಗೇ ಹೇಳಾದಪ್ಪ.”

ನಾನು ಡೈ ಬಿಟ್ಟು ಆರು ವರ್ಷವಾಯಿತು. ಕಂಡವರೆಲ್ಲ ‘ಹೌ ಗ್ರೇಸ್‌ಫುಲ್’ ಎನ್ನುತ್ತಾರೆ. ತಲೆ ಬೆಳ್ಳಗಾಗಲು ಬಿಡುವುದೂ ಒಂದು ಲಕ್ಷುರಿ ಎಂದು ನನಗೆ ಹೊಳೆದದ್ದು ಆ ಕುರ್ಚಿಯಲ್ಲಿ ಕೂತಾಗಲೇ.

ವಯಸ್ಸು ತಿದ್ದಬೇಕಾದರೆ ಬರ್ತ್ ಸರ್ಟಿಫಿಕೇಟ್ ಬೇಕು, ಇಲ್ಲವೇ ಸ್ಕೂಲಿನದಾದರೂ ಬೇಕು ಎಂದ. ಜಯಮ್ಮ ಸ್ಕೂಲಿನ ಮೆಟ್ಟಿಲು ಹತ್ತಿದವರಲ್ಲ.

“ಕೆರೆ ಕೋಡಿ ಬಿದ್ದ ವರ್ಷ ಹುಟ್ಟಿದ್ದು ಅಂತ ನಮ್ಮವ್ವ ಹೇಳೋಳು.”

“ಕೆರೆ ಬಂದು ಸೈನ್ ಹಾಕಲ್ಲವಲ್ಲಮ್ಮ!”

ಪಕ್ಕದ ಟೇಬಲ್ಲಿನವರು ನಕ್ಕರು. ಜಯಮ್ಮನೂ ನಕ್ಕರು. ನಾನು ಮಗನ ಟಿ.ಸಿ. ಮುಂದಿಟ್ಟು ವಾದಿಸಿದೆ. ಒಂಬತ್ತು ವರ್ಷದ ತಾಯಿ ಇರಲು ಸಾಧ್ಯವೇ? ಮಗನ ಡೇಟೇ ತಪ್ಪಿರಬಹುದು ಎಂದ. ಇಂಗ್ಲಿಷಿಗೆ ಏರಿದೆ. ಅವನು ಮರ್ಯಾದೆ ಬಿಡದೆ ಕನ್ನಡದಲ್ಲೇ ಉತ್ತರಿಸಿದ. “ಮೇಡಂ, ಜನ ಬೇಕಾದಾಗ ಬೇಕಾದ ವಯಸ್ಸು ಹೇಳಿದ್ರೆ ನಾವೇನ್ ಮಾಡೋಣ? ಸುಳ್ಳು ಸುಳ್ಳೇ ಅಲ್ವಾ?”

ನಾನು ಟಿ.ಸಿ. ಮಡಚಿ ಬ್ಯಾಗಿಗೆ ಹಾಕಿದೆ. ಅವನ ಮಾತು ಸರಿ ಅನ್ನಿಸಿ ಅಲ್ಲ. ನನ್ನ ಅಪ್ಪ ನೆನಪಾದರು.

ನಾನು ಹುಟ್ಟಿದ್ದು ಕುಣಿಗಲ್‌ನಲ್ಲಿ. ತುಮಕೂರಿನ ಕಾನ್ವೆಂಟಿಗೆ ಸೇರಿಸುವಾಗ ಅಪ್ಪ ನನ್ನ ಕೈ ಹಿಡಿದುಕೊಂಡು, ಸಿಸ್ಟರ್ ಮುಂದೆ ನಿಂತು, ನನ್ನ ವಯಸ್ಸಿನಲ್ಲಿ ಒಂದು ವರ್ಷ ಎಂಟು ತಿಂಗಳು ಇಳಿಸಿ ಹೇಳಿದ್ದರು. ಮುಂದೆ ಸರ್ವಿಸ್ ಉದ್ದ ಸಿಗಲಿ ಎಂಬ ದೂರಾಲೋಚನೆ. ಓದುಬರಹ ಬಲ್ಲ ಮನೆಗಳಲ್ಲಿ ಅದು ಮಾಮೂಲು. ನನ್ನ ಓರಗೆಯ ಲೆಕ್ಚರರ್‌ಗಳಲ್ಲಿ ಎಷ್ಟೋ ಜನಕ್ಕೆ ಎರಡೆರಡು ಬರ್ತ್‌ಡೇ. ಒಂದು ಪಾಯಸಕ್ಕೆ, ಇನ್ನೊಂದು ಸರ್ವಿಸ್ ರಿಜಿಸ್ಟರಿಗೆ. ಹೀಗೆ ಹೆಚ್ಚಿಗೆ ಸಿಕ್ಕ ಇಪ್ಪತ್ತು ತಿಂಗಳು ಫ್ಯಾನ್ ಕೆಳಗೆ ಕೂತು ಪಾಠ ಮಾಡಿದೆ, ಒಂದು ಇನ್‌ಕ್ರಿಮೆಂಟ್ ಜಾಸ್ತಿ ಪಡೆದೆ. ಇವತ್ತಿನ ಪೆನ್ಷನ್‌ನಲ್ಲೂ ಅದು ಸೇರಿಕೊಂಡಿದೆ.

ಆ ಹೊತ್ತಿನಲ್ಲಿ ಗುಮಾಸ್ತನಿಗೆ ಇದನ್ನು ಹೇಳಬಹುದಿತ್ತು. ಹೇಳಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಜಯಮ್ಮನಿಗೆ ಮಾತ್ರ ಹೇಳಿದೆ. ಬೈಯುತ್ತಾರೇನೋ ಎಂದುಕೊಂಡಿದ್ದೆ. ಅವರು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕರು.

“ಅಯ್ಯೋ ಶಿವನೇ, ನೀವೂನಾ ಅಕ್ಕ?”

ಅಷ್ಟರಲ್ಲಿ ಫೋನ್ ಬಂತು. ಕಂಟ್ರಾಕ್ಟರ್. ನಾಳೆ ಅಮೃತೂರಿನಲ್ಲಿ ಮದುವೆ, ಎರಡು ಪಂಕ್ತಿ ಜಾಸ್ತಿಯಂತೆ. “ಬರ್ತೀನಿ ಬುಡಣ್ಣ, ನಂಗೇನಾಗೈತೆ? ಗುಂಡ್‌ಕಲ್ ಇದ್ದಂಗೆ ಇದೀನಿ,” ಎಂದರು. ಫೋನ್ ಇಟ್ಟು, ಎರಡೂ ಕೈಯಲ್ಲಿ ಕಂಬಿ ಹಿಡಿದು, ಒಂದೊಂದೇ ಕಾಲು ಎತ್ತಿಟ್ಟು ಬಸ್ ಹತ್ತಿದರು. ಕಿಟಕಿಯಿಂದ ಬಗ್ಗಿ ಕೇಳಿದರು:

“ಅಲ್ಲಕ್ಕ, ನಿಮ್ಮನ್ ಯಾರೂ ಪ್ರೂಫು ಕೇಳ್ಲಿಲ್ವಾ?”

ಬಸ್ ಹೊರಟಿತು. ಉತ್ತರ ಇಲ್ಲಿ ಬರೆಯುತ್ತಿದ್ದೇನೆ. ಕೇಳಿದ್ದರು, ಜಯಮ್ಮ. ನನ್ನ ಸುಳ್ಳಿಗೆ ಸ್ಕೂಲಿನ ಸರ್ಟಿಫಿಕೇಟ್ ಇತ್ತು, ನಿಮ್ಮ ನಿಜಕ್ಕೆ ಇಲ್ಲ.