ಶೇವಂತಿಯ ಜವಳ

ನಮ್ಮ ಬನಹಟ್ಟ್ಯಾಗ ಸುಂದರವ್ವನಂಥಾ ಹಟಮಾರಿ ಹೆಣ್ಮಗಳನ್ನ ನಾ ನೋಡಿಲ್ಲ. ಗಂಡ ಸತ್ತಾಗ ಮಗ ನಾಮದೇವ ಇನ್ನಾ ತೊಟ್ಟಿಲದಾಗಿದ್ದ. ತವರ ಮನ್ಯಾವ್ರು ಕರ್ಯಾಕ ಬಂದ್ರ, "ನಾ ಇಲ್ಲೇ ಬಾಳ್ವೆ ಮಾಡಾಕಿ, ನೀವು ಚಾ ಕುಡದ ಹೋಗ್ರಿ" ಅಂದಾಕಿ. ಮಂದಿ ಮಗ್ಗಕ್ಕ ರಾಟಿ ಮ್ಯಾಲೆ ನೂಲಿನ ಕಂಡಿಕಿ ಸುತ್ತಿ ಸುತ್ತಿ ಮಗನ್ನ ದೊಡ್ಡಾವನ್ನ ಮಾಡಿದ್ಳು. ಮಗ ಮನ್ಯಾಗ ಪಾವರ್‌ಲೂಮ್ ಕುಂದರಿಸಿದ ಮ್ಯಾಲೂ ರಾಟಿ ಬಿಡಲಿಲ್ಲ. ಅವರ ಮನಿಗೂ ನಮ್ಮ ಮನಿಗೂ ನಡುವ ಒಂದ ಗ್ವಾಡಿ. ಆಕಿ ಬೈಯೂದು ನನ್ನ ಅಡಗಿ ಮನಿಗೆ ಕೇಳತಿತ್ತು, ನಾ ಬೈಯೂದು ಆಕಿಗೆ. ಹಂಗಂತ ನಮ್ಮ ಮಾತು ಯಾವತ್ತೂ ಕಡದಿಲ್ಲ.

ದೇವರ ಮುಂದ ಮಾತ್ರ ಆಕಿ ಮೆತ್ತಗ ಆಗಾಕಿ. ಬಾದಾಮಿ ಬನಶಂಕರಿ ಅವರ ಮನಿದೇವ್ರು. ಸೊಸಿ ಮಾದೇವಿ ಹೊಟ್ಯಾಗ ಕೂಸು ನಿಲ್ಲವಲ್ದು, ಎರಡ ಸಲ ಇಳದ ಹೋತು. ಮೂರನೇ ಸಲಕ್ಕ ಸುಂದರವ್ವ ಸೀದಾ ಬನಶಂಕರಿಗೆ ಹೋಗಿ, "ಕೂಸು ಉಳದ್ರ ಅದರ ಹುಟ್ಟಗೂದಲಾ ಒಂದ ಎಳಿನೂ ಬ್ಯಾರೆ ಕಡೆ ಬೀಳಾಕ ಬಿಡೂದಿಲ್ಲ, ಎಲ್ಲಾ ನಿನಗ" ಅಂತ ಹರಕಿ ಹೊತ್ತ ಬಂದ್ಳು. ಜವಳ ಎಲ್ಲಾರ ಮನ್ಯಾಗೂ ಇರತೈತ್ರಿ. ಸ್ವಾದರಮಾವ ಕೂಸಿನ್ನ ತೊಡಿ ಮ್ಯಾಲೆ ಕುಂದರಿಸಿಕೊಂಡು ಮೊದಲ ಕತ್ತರಿ ಹಾಕಬೇಕು, ಬೆಸ ವರ್ಷ ಆಗಬೇಕು. ಆದ್ರ ಈಕಿಯಂಗ ಯಾರೂ ಕೂದಲಾ ಕಾಯೂದಿಲ್ಲ. ಮೊಮ್ಮಗಳು ಶೇವಂತಿ ಹುಟ್ಟಿದ ಮ್ಯಾಲೆ ಹಣಿಗಿಗೆ ಹತ್ತಿದ ಕೂದಲಾನೂ ಬಿಡಿಸಿ ಡಬ್ಬ್ಯಾಗ ಇಡಾಕಿ. ನಾ ನಕ್ರ, "ನಗು ಬೇ, ನಿನಗೇನ ಗೊತ್ತು" ಅನ್ನಾಕಿ.

ತೊಂಬತ್ತಾರರ ಬ್ಯಾಸಗಿ. ಶೇವಂತಿಗೆ ಎರಡ ತುಂಬಿ ಮೂರರಾಗ ಬಿದ್ದಿತ್ತು. ಒಂದ ಸಂಜಿಮುಂದ ಕರೆಂಟ್ ಹೋತು. ಮಾದೇವಿ ಬ್ಯಾಟರಿ ಹಾಕಿದ್ರ ಕೂಸಿನ ಬಲಗಣ್ಣು ಬೆಕ್ಕಿನ ಕಣ್ಣಿನಂಗ ಬೆಳ್ಳಗ ಮಿಂಚಿತು. ಮಿರಜಿಗೆ ಒಯ್ದ್ರು. ಅಲ್ಲಿ ಡಾಕ್ಟರು ನೋಡಿ, "ತಡಾ ಮಾಡಬ್ಯಾಡ್ರಿ, ಮುಂಬೈಕ ನಡೀರಿ" ಅಂದ್ರು. ನನ್ನ ತವರು ಇಚಲಕರಂಜಿ. ನನಗ ಮರಾಠಿ ಬರತೈತಂತ ಸುಂದರವ್ವ ನನ್ನೂ ಜೋಡಿ ಕರಕೊಂಡ ಹೋದ್ಳು.

ಮುಂಬೈದ ಡಾಕ್ಟರಬಾಯಿ ಭಾಳ ಛಲೋ ಹೆಣ್ಮಗಳು. ಕೈಯಾಗ ಕೈ ಹಿಡಕೊಂಡು ಹೇಳಿದ್ರು: "ಕಣ್ಣಾಗ ಕ್ಯಾನ್ಸರ್ ಗಡ್ಡಿ ಐತಿ. ಬಲಗಣ್ಣು ಪೂರಾ ತುಂಬೇತಿ. ಅದನ್ನ ತಗೀದಿದ್ರ ಮಿದುಳಿಗೆ ಏರತೈತಿ. ಎಡಗಣ್ಣಾಗೂ ಐತಿ, ಆದ್ರ ಜ್ವಾಳದ ಕಾಳಿನಷ್ಟ. ರಕ್ತನಾಳದಾಗ ಕಿಮೋ ಔಷಧ ಬಿಟ್ರ ಅದು ಕುಗ್ಗತೈತಿ. ಉಳದದ್ದನ್ನ ಲೇಸರ್ ಹಾಕಿ ಸುಡತೀವಿ. ಆ ಕಣ್ಣು ಉಳಿಸೂಣು. ಕೂಸು ಸಾಲಿಗೆ ಹೋಗಿ ಓದಲಿ."

ನಾ ಒಂದೊಂದ ಮಾತೂ ಕನ್ನಡದಾಗ ಹೇಳಿದೆ. ನಾಮದೇವ ಅಳಕೋತ ಕೈ ಮುಗದ. ಬಲಗಣ್ಣು ತಗದ್ರು. ಗಾಯ ಮಾಯಿತು, ಬರೂ ಸೋಮವಾರ ಔಷಧ ಶುರು ಅಂದ್ರು. ಆವಾಗ ನರ್ಸಬಾಯಿ ಬಂದು, ಏನೇನ ತ್ರಾಸ ಆಗತೈತಿ ಅಂತ ಹೇಳಿದ್ಳು. ವಾಂತಿ ಅಂದ್ಳು, ಜ್ವರ ಅಂದ್ಳು, ಸುಂದರವ್ವ ಗೋಣ ಹಾಕಿದ್ಳು. ಕೂದಲಾ ಉದರತಾವ ಅಂತ ನಾ ಅಂದದ್ದ ತಡ, ಎದ್ದ ನಿಂತ್ಳು.

"ಎಲ್ಲಿ ಉದರತಾವು?"

"ಎಲ್ಲಂದ್ರ? ಇಲ್ಲೇರಿ, ದಿಂಬಿನ ಮ್ಯಾಲೆ."

"ಕಸಾ ಹೊಡ್ಯಾಕಿ ಗುಡಿಸಿ ಒಗ್ಯಾಕೇನ ನಮ್ಮ ಕೂಸಿನ ಹುಟ್ಟಗೂದಲಾ? ಆಗೂದಿಲ್ಲ. ಮೊದಲ ಜವಳ."

"ಸುಂದರವ್ವಾ, ತಲಿ ಕೆಟ್ಟೈತೇನ್ರಿ? ಇರೂ ಒಂದ ಕಣ್ಣೂ ಹೋಗತೈತಿ!" ಅಂದೆ ನಾ.

"ಕಣ್ಣಿನ ಸಲುವಾಗೇ ಅನ್ನಾಕತ್ತೇನಿ. ಹರಕಿ ಮುಟ್ಟಿಲ್ಲಂತ ಬನಶಂಕರಿ ಅವ್ವ ಒಂದ ಕಣ್ಣ ತಗೊಂಡಾಳ. ಕೊಡೂ ಕೂದಲಾನೂ ಹಾದ್ಯಾಗ ಒಗದ ಹೋದ್ರ ಇನ್ನೊಂದನ್ನ ಬಿಡತಾಳೇನ?"

ಆಕಿಗೆ ಖರೇನ ಅಂಜಿಕಿ ಆಗಿತ್ತ್ರಿ. ಹಂಗಂತ ನಾ ಸುಮ್ಮನ ಕುಂದರಲಿಲ್ಲ, ವಾರ್ಡಿನಾಗ ನಿಂತ ಜಗಳಾ ತಗದೆ. ಮಾದೇವಿ ಕೂಸಿನ್ನ ಅಪ್ಪಿಕೊಂಡು ಅಳಾಕತ್ತಳು. ಆ ಮನ್ಯಾಗ ಸುಂದರವ್ವನ ಮಾತು ದಾಟಿದಾವರು ಯಾರೂ ಇಲ್ಲ. "ದವಾಖಾನ್ಯಾಗ ದೇವರ ಮಾತ ತಗದ್ರ ನಗತಾರ, ಏನೂ ಹೇಳಬ್ಯಾಡ" ಅಂತ ಮಗನಿಗೆ ತಾಕೀತು ಮಾಡಿದ್ಳು. ನಾಮದೇವ ನನ್ನ ಕರೀಲಾರದ ತನ್ನ ಹರಕು ಹಿಂದ್ಯಾಗ, "ಊರಾಗ ಕೆಲಸ ಐತ್ರಿ, ಹೋಗಿ ಲಗೂನ ಬರತೇವಿ" ಅಂದ. ಡಾಕ್ಟರಬಾಯಿ ಬಾಗಲ ತನಕಾ ಬಂದ್ರು. "ಲಗೂನ ಬರ್ರಿ" ಅಂತ ಮತ್ತ ಮತ್ತ ಹೇಳಿದ್ರು.

ಊರಿಗೆ ಬಂದು ನೋಡಿದ್ರ ಆಷಾಢ ಹಿಡದಿತ್ತು. ಆ ವರ್ಷ ಅಧಿಕ ಮಾಸ ಬ್ಯಾರೆ, ಎರಡೆರಡ ಆಷಾಢ. ಸ್ವಾದರಮಾವ ಶಿವಯೋಗೆಪ್ಪ ಬೀಳಗಿಯಿಂದ ಓಡಿ ಬಂದು, "ನಾಳೇನ ಮಾಡೂಣ ನಡೀರಿ ಅತ್ತಿ" ಅಂದ. "ಆಷಾಢದಾಗ ಜವಳಾ? ನಿನಗ ಬುದ್ಧಿ ಐತೇನ?" ಅಂತ ಆ ಬಡವನ್ನೂ ಝಾಡಿಸಿದ್ಳು. ಹಿಂಗ ಶ್ರಾವಣದ ದಾರಿ ನೋಡಕೋತ ಕುಂತ್ರು. ಅಷ್ಟರಾಗ ಶೇವಂತಿ ಆಟದ ಸಾಮಾನು ಮೂಗಿನ ತನಕಾ ತಂದು ನೋಡಾಕತ್ತಳು, ನಡಕೋತ ಹೊಸ್ತಿಲ ಎಡವಾಕತ್ತಳು. ನಾ ಹೋಗಿ ಚೀರಿದೆ. "ಒಂದ ಕಣ್ಣಿಗೆ ರೂಢಿ ಆಗಬೇಕಲ್ಲಬೇ" ಅಂದ್ಳು ಸುಂದರವ್ವ. ಜವಳಕ್ಕ ಕರದ್ರೂ ಆ ಸಿಟ್ಟಿಗೆ ನಾ ಬಾದಾಮಿಗೆ ಹೋಗಲಿಲ್ಲ.

ಜವಳ ಮುಗಿಸಿದವ್ರ ಮುಂಬೈಕ ಹೊಂಟ್ರು. ಮಾತಿಗೆ ನಾ ಬೇಕಲ್ಲ, ಹೋದೆ. ಡಾಕ್ಟರಬಾಯಿ ಎಡಗಣ್ಣು ನೋಡಿದ್ರು, ಭಾಳ ಹೊತ್ತ ನೋಡಿದ್ರು. ಗಡ್ಡಿ ಹಬ್ಬಿತ್ತು, ಒಳಗಿನ ಪರದೆ ಕಿತ್ತಿತ್ತು. ಬೈಯಲಿಲ್ಲ ಅವ್ರು. "ಜೀವಾ ಉಳಸೂಣ" ಅಂದ್ರು. ಕಣ್ಣಿನ ಮಾತು ತಗೀಲಿಲ್ಲ.

ಔಷಧ ಕೊಡೂ ದಿನ ಬಾಜೂ ಕಾಟಿನ ಮ್ಯಾಲೆ ಸಾತಾರದ ಕಡೆ ಹೆಣ್ಮಗಳೊಬ್ಬಾಕಿ ತನ್ನ ಕೂಸಿನ್ನ ಹಿಡಕೊಂಡು ಕುಂತಿದ್ಳು. ಕ್ಷೌರದಾವ ಅದರ ತಲಿ ಬೋಳಸಾಕತ್ತಿದ್ದ. ಆಕಿ ಕೂದಲಾ ಹಳದಿ ಅರಿವ್ಯಾಗ ಕಟ್ಟಿಕೊಂಡ್ಳು. ಸುಂದರವ್ವ ಅದನ್ನ ನೋಡಿ, ಏನಂತ ಕೇಳು ಅಂದ್ಳು. ಕೇಳಿದೆ. ನರ್ಸಬಾಯಿ ಹೇಳಿದ್ಳು: "ದೇವರಿಗೆ ಬೇಡಿಕೊಂಡಿದ್ದಂತ. ಭಾಳ ಮಂದಿ ಹಿಂಗ ಮಾಡತಾರ. ಔಷಧಕ್ಕಿಂತ ಮೊದಲ ಇಲ್ಲೇ ತಗಸಿ, ಕಟ್ಟಿ ಇಟ್ಟು, ಆಮ್ಯಾಲೆ ಒಯ್ದ ಮುಟ್ಟಸತಾರ. ನಮ್ಮ ಮುಂದ ಹೇಳಿದ್ರ ನಾವ ಕ್ಷೌರದಾವನ್ನ ಕರಸತೇವಿ."

ಇದ್ದಂಗ ಹೇಳಿದೆ. ಸುಂದರವ್ವ ಹಂಗ ನೆಲದ ಮ್ಯಾಲೆ ಕುಂತ ಬಿಟ್ಳು. "ಹಿಂಗೂ ನಡೀತಿತ್ತೇನ ರುಕ್ಕವ್ವಾ?" ಅಂದ್ಳು.

ಔಷಧ ತನ್ನ ಕೆಲಸ ಮಾಡಿತ್ರಿ. ತಿಂಗಳಾನುಗಟ್ಟಲೆ ಹೋಗಿ ಬಂದೇವಿ. ವಾಂತಿ ಮಾಡಿ ಮಾಡಿ ಕೂಸು ಕಡ್ಡಿ ಆತು. ಗಡ್ಡಿ ಕರಗಿತು, ಜೀವಾ ಉಳೀತು, ಎಡಗಣ್ಣ ತಗೀಬೇಕಾಗಿ ಬರಲಿಲ್ಲ. ಆದ್ರ ಅದರಾಗ ಬೆಳಕ ಇರಲಿಲ್ಲ.

ಆಮ್ಯಾಲೆ ಸುಂದರವ್ವನ ಧ್ವನಿ ಗ್ವಾಡಿ ದಾಟಿ ನನ್ನ ಮನಿಗೆ ಬರಲೇ ಇಲ್ಲ. ನಾ ಬೇಕಂತಲೇ ಜಗಳಾ ತಗದ್ರೂ, "ಆತು ಬಿಡವ್ವಾ" ಅನ್ನಾಕಿ. ಯಾರಾದ್ರೂ ಜವಳಕ್ಕ ಕರದ್ರ ಮೈಯಾಗ ಆರಾಮಿಲ್ಲ ಅನ್ನಾಕಿ. ಮಾದೇವಿ ಒಂದ ದಿನಾನೂ ಅತ್ತಿಗೆ ಏನೂ ಅನಲಿಲ್ಲ. ಅಂದಿದ್ರ ಮುದುಕಿಗೆ ಹಗುರ ಆಗತಿತ್ತೇನೋ.

ಹ್ವಾದ ವರ್ಷ ಶೇವಂತಿ ಆರರಾಗ ಬಿದ್ದಿದ್ಳು. ನಾ ಅವರ ಪಡಸಾಲ್ಯಾಗ ಕುಂತಿದ್ದೆ, ಸುಂದರವ್ವ ಕಂಡಿಕಿ ಸುತ್ತಾಕತ್ತಿದ್ಳು. ಹುಡುಗಿ ಅಜ್ಜಿ ತೊಡಿಗೆ ಆತು ಕುಂತು ಕೇಳಿದ್ಳು:

"ಅಜ್ಜಿ, ನನ್ನ ಜವಳದಾಗ ನನಗ ಕಣ್ಣ ಕಾಣತಿತ್ತಂತ. ಅವ್ವ ಹೇಳಿದ್ಳು. ಖರೆ ಏನ?"

"ಹೂಂ ಅವ್ವಾ. ಸ್ವಲ್ಪ ಕಾಣತಿತ್ತು."

"ಹಂಗಾರ ನಾ ಏನೇನ ನೋಡಿದೆ ಹೇಳು. ದೇವಿ ಮಾರಿ ನೋಡಿದ್ನಾ? ಹೊಂಡಾ ನೋಡಿದ್ನಾ? ಮಂಗ್ಯಾ ನೋಡಿ ನಕ್ಕಿದ್ನಾ?"

ರಾಟಿ ನಿಂತಿತು. ಸುಂದರವ್ವ ನನ್ನ ಮಾರಿ ನೋಡಿದ್ಳು. ನಾ ಅಲ್ಲಿ ಇದ್ದಿಲ್ಲ, ನನಗೇನ ಗೊತ್ತು?

"ನನಗ ಗೊತ್ತಿಲ್ಲವ್ವಾ" ಅಂದ್ಳು. "ನಿನ್ನ ಕೂದಲಾ ನೆಲಕ್ಕ ಬಿದ್ದಗಿದ್ದಾವಂತ, ಉಡಿ ಒಡ್ಡಿಕೊಂಡು ನಾ ಅದನ್ನಷ್ಟ ನೋಡಕೋತ ನಿಂತಿದ್ದೆ."